ತಿರುವಿನಲ್ಲಿ ಕೂತ ಕೆಸರು

...ಇಲ್ಲ, ಈ ದೂರಿಗೆ ನೀನು ಸಹಿ ಹಾಕಲೇಬೇಕು! ಪೆನ್ನು ತಗೋಮ್ಮಾ. ತಗೋ ಅಂದೆ! ನನಗೆ ತಮ್ಮ ಅವನು, ನಿನಗೆ ಗಂಡ. ಮಂಗಳವಾರ ಬೆಳಿಗ್ಗೆ ನೀನೇ ತಾನೆ ಡಬ್ಬಿ ಕಟ್ಟಿ ಕೆಲಸಕ್ಕೆ ಕಳಿಸಿದ್ದು? ಎಂದಿನ ಹಾಗೆ ಬಂದ. ಎಂದಿನ ಹಾಗೆ ಸ್ಪ್ಯಾನರ್ ಮರೆತು ಬಂದು ನನ್ನ ಕೈಲಿ ಬೈಸಿಕೊಂಡ. ಹನ್ನೊಂದು ಗಂಟೆಗೆಲ್ಲ... ಹೋದ. ಆ ಡಾಕ್ಟರನ್ನ ಸುಮ್ಮನೆ ಬಿಡೋದಾ?

ಕಾಗದದ ಮೇಲೆ ಚಿತ್ರ ಬರೆದು ತೋರಿಸ್ತಾನೆ ನನಗೆ! ಹೃದಯದ ರಕ್ತನಾಳ ಇಲ್ಲಿ ಕವಲೊಡೆಯುತ್ತಂತೆ. ನೇರ ಇರೋ ಕಡೆ ರಕ್ತ ಗೋಡೆಯನ್ನ ಸವರಿಕೊಂಡು ಜೋರಾಗಿ ಹರಿಯುತ್ತಂತೆ, ಅದು ಗೋಡೆಗೆ ಒಳ್ಳೇದಂತೆ. ಕವಲಿನ ಹೊರಮಗ್ಗುಲಲ್ಲಿ ನಿಧಾನ ಆಗಿ ಸುಳಿ ತಿರುಗುತ್ತಂತೆ, ಕೊಬ್ಬು ಅಲ್ಲೇ ಕೂರುತ್ತಂತೆ... ಅಯ್ಯಾ ಮಹಾನುಭಾವ! ಮೂವತ್ತು ವರ್ಷ ಪೈಪಿನ ಕೆಲಸ ಮಾಡಿದವನು ನಾನು. ತಿರುವಿನಲ್ಲೇ ಕೆಸರು ಕೂರೋದು ಅಂತ ನನಗೆ ಗೊತ್ತಿಲ್ವಾ? ಹಾಗಂತ ಅಂದೇಬಿಟ್ಟೆ. ಅದಕ್ಕೆ ಏನಂದ ಗೊತ್ತಾ? 'ಪೈಪಿಗೆ ಜೀವ ಇಲ್ಲ ಮೇಸ್ತ್ರಿ, ಇದಕ್ಕಿದೆ.' ನನಗೆ ಪಾಠ! ...ಯಾಕೆ ನಗ್ತೀಯಾ? ನಗೋ ಮಾತಾ ಇದು? ...ಓ. ಅಳ್ತಿದ್ದೀಯಾ. ಸರಿ. ಅಳು.

ಆರು ತಿಂಗಳ ಹಿಂದೆ ಅವನನ್ನ ನೋಡಿದ್ದೂ ಇದೇ ಡಾಕ್ಟರು ತಾನೆ? 'ಸಣ್ಣ ಅಡ್ಡಿ ಇದೆ, ಮಾತ್ರೆ ತಗೊಳ್ಳಿ, ಎದೆ ಬಿಗಿದರೆ ಆ ಕ್ಷಣವೇ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ' ಅಂದನಂತೆ. ಅಷ್ಟೇನಾ? ಅಷ್ಟು ಹೇಳಿ ಕೈ ತೊಳೆದುಕೊಂಡುಬಿಟ್ರೆ ಆಯ್ತಾ? ...ಏನು? ಮಾತ್ರೆ ತಪ್ಪಿಸಿರಲಿಲ್ಲ ಅಂತೀಯಾ? ಗೊತ್ತಮ್ಮಾ, ಊಟ ತಪ್ಪಿಸಿದರೂ ಮಾತ್ರೆ ತಪ್ಪಿಸ್ತಿರಲಿಲ್ಲ. ಹಾಗಾದರೆ ತಪ್ಪು ಡಾಕ್ಟರದ್ದೇ ಅಲ್ವಾ? ಬೇರೆ ಯಾರದ್ದು? ಹೇಳು, ಬೇರೆ ಯಾರದ್ದು!

ಯಾಕೆ ಹಾಗೆ ನೋಡ್ತೀಯಾ?

...ಹೌದು. ಎದೆ ಬಿಗೀತಿದೆ ಅಂದ. ನನಗೇ ಹೇಳ್ದ. ಕೆಲಸ ನಡೀತಿದ್ದ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕೂತ್ಕೊಂಡು, 'ಅಣ್ಣಾ, ಸ್ವಲ್ಪ ನಿಲ್ಲಿಸೋಣ' ಅಂದ. ಯಾರು ಹೇಳಿದ್ರು ನಿನಗೆ? ಅಲ್ಲಿನ ವಾಚ್‌ಮನ್ನಾ? ...ಯಾರೂ ಹೇಳಿಲ್ವಾ? ಮತ್ತೆ ಬಾಯಿ ಬಿಡು! ಬೈಯಮ್ಮಾ ನನ್ನ!

ಗ್ಯಾಸ್ ಅಂದ್ಕೊಂಡೆ ಕಣಮ್ಮಾ... ಇಲ್ಲ. ಸುಳ್ಳು. ಗ್ಯಾಸ್ ಅಂದ್ಕೊಳ್ಳಲಿಲ್ಲ. ಅಡ್ಡಿ ಅಂತಲೇ ಅಂದ್ಕೊಂಡೆ. ಕಟ್ಟಿಕೊಂಡ ಪೈಪ್ ಲೈನಿಗೆ ನಾವೇನು ಮಾಡ್ತೀವಿ? ವಾಲ್ವ್ ಪೂರ್ತಿ ತೆಗೆದು ರಭಸವಾಗಿ ನೀರು ಬಿಡ್ತೀವಿ. ಕೆಸರು ಕಿತ್ಕೊಂಡು ಹೋಗುತ್ತೆ. 'ಲೈನ್ ಫ್ಲಶ್ ಮಾಡೋ, ಮೇಲಿನ ಟ್ಯಾಂಕಿನವರೆಗೆ ನಾಲ್ಕು ಸಲ ಓಡಿ ಹತ್ತಿ ಇಳಿ, ಸರಿಹೋಗುತ್ತೆ' ಅಂದೆ. ನಕ್ಕ. ನಕ್ಕು ಎದ್ದ. ನಾನು ಹೇಳಿದ್ದಕ್ಕೆ ಯಾವತ್ತಾದರೂ ಇಲ್ಲ ಅಂದಿದ್ದಾನಾ ಅವನು?

ಡಾಕ್ಟರು ಅದೇ ಚಿತ್ರದಲ್ಲಿ ಇನ್ನೊಂದು ಗೀಟು ಎಳೆದರು. ಕಿರಿದಾದ ಜಾಗದಲ್ಲಿ ರಕ್ತದ ರಭಸ ಏರಿದರೆ ಕೊಬ್ಬಿನ ಮೇಲಿನ ತೆಳು ಪೊರೆ ಹರಿಯಬಹುದು, ಹರಿದ ಕಡೆ ರಕ್ತ ಹೆಪ್ಪುಗಟ್ಟುತ್ತೆ ಅಂದರು. 'ಅವತ್ತು ಏನಾದರೂ ಓಡಿದರಾ, ಹತ್ತಿದರಾ?' ಅಂತ ಕೇಳಿದರು. ಇಲ್ಲ, ಕೂತೇ ಇದ್ದ ಅಂದೆ.

ಸಹಿ ಬೇಡ. ಕೊಡು ಇಲ್ಲಿ.

ಐದು ಮಹಡಿ. ಮೂರನೇ ಸಲ ಅವನು, ಕಾಲು ಭಾರ ಅಂತ, ಚಪ್ಪಲಿ ಬಿಟ್ಟು ಹತ್ತಿದ.