ಗಂಟೆ ಹೊಡೆಯುವವರ ಮಾತು

ಫ್ರೇಜರ್ ಟೌನಿನ ಆಸ್ಪತ್ರೆಯೊಂದರಲ್ಲಿ, ಐಸಿಯು ಎದುರಿನ ಬೆಂಚಿನ ಮೇಲೆ ನನ್ನ ಪಕ್ಕ ರಾಯಚೂರು ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಗಳು ಒಳಗಿದ್ದಳು. ಚರ್ಚಿನಲ್ಲಿ ಗಂಟೆ ಹೊಡೆಯುವ ಮುದುಕರೊಬ್ಬರು ಬಂದರು.

“ಫಾದರ್ ಎಲ್ರಿ?” ಎಂದಳು ಅವಳು.

“ಊರಲ್ಲಿಲ್ಲ ಪೀರಮ್ಮ. ನಾಳೆ ಬರ್ತಾರೆ.”

“ನಾಳೆ ಮಟ ಹೇಳಾಕ ಬರಂಗಿಲ್ಲ ಅಂದಾರ ಡಾಕ್ಟ್ರು.”

“ಫೋನ್ ಮಾಡ್ದೆ, ತೆಗೀಲಿಲ್ಲ.”

“ಹೋದ ಐತವಾರ ಚರ್ಚಿನಾಗ ಕಸ ಹೊಡಿವಾಗ ಕೇಳೀನ್ರಿ. ಯಾರೋ ದಂಡಿನ ಸಾಹೇಬ ಯೇಸುಗ ಅಂದ್ನಂತ, ನೀ ಮನಿಗೆ ಬರೋದು ಬ್ಯಾಡ, ನಿಂತಲ್ಲೇ ಒಂದು ಮಾತು ಹೇಳು, ನನ್ನ ಆಳು ಉಳೀತಾನ ಅಂತ.”

“ಹೂಂ. ಉಳ್ಕೊಂಡ.”

“ಆ ಮಾತು ನೀವು ಹೇಳ್ರಿ.”

“ನಾನು ಗಂಟೆ ಹೊಡೆಯೋನಮ್ಮ. ನನಗೆ ಆ ಅಧಿಕಾರ ಇಲ್ಲ.”

“ನೀವು ಗಂಟಿ ಹೊಡದ್ರ ಅಷ್ಟು ಮಂದಿ ಎದ್ದು ನಿಲ್ತಾರ. ನನ್ನ ಮಗಳೊಬ್ಬಾಕಿ ಏಳಂಗಿಲ್ಲೇನ್ರಿ?”

ಮುದುಕರು ಚಪ್ಪಲಿ ಬಿಟ್ಟು, ಮುಚ್ಚಿದ ಬಾಗಿಲಿಗೆ ಅಂಗೈ ಒತ್ತಿದರು.

“ಗಂಗಾ, ಏಳಮ್ಮ.”

“ಇನ್ನೊಮ್ಮೆ ಅನ್ರಿ. ಜೋರಾಗಿ ಅನ್ರಿ.”

“ಗಂಗಾ, ಏಳಮ್ಮ.”

ಬಾಗಿಲು ತೆರೆಯಿತು. ನರ್ಸ್ ಯಾರ ಮುಖವನ್ನೂ ನೋಡದೆ ಕೇಳಿದಳು, “ಗಂಗಾ ಕಡೆಯವರು ಯಾರು?”

ಪೀರಮ್ಮ ಎದ್ದು ಮುದುಕರ ಪಕ್ಕ ಬಂದು ನಿಂತಳು.

“ನಾವು” ಎಂದರು ಮುದುಕರು. ಅವಳ ತೋಳು ಹಿಡಿದು, ಬರಿಗಾಲಲ್ಲೇ ಒಳಗೆ ಹೋದರು.