ಅರ್ಧ ಹಾಸಿಗೆ

"ಕೂರಬ್ಯಾಡ, ಏಳು!" ಎಂದು ಮುದುಕ ರಟ್ಟೆ ಹಿಡಿದು ಎಳೆದಾಗ ಸಂಗಮೇಶ ಮಂಚದ ಅಂಚಿಗೆ ಇನ್ನೂ ಪೂರ್ತಿ ಕೂತಿರಲಿಲ್ಲ. ಅವನಿದ್ದ ಯಲಹಂಕದ ಪೀಜಿಗೆ ಮಳೆನೀರು ನುಗ್ಗಿ ಎರಡು ದಿನವಾಗಿತ್ತು. ಎರಡು ರಾತ್ರಿ ಪಾಳಿ ಮುಗಿಸಿಯೂ ಅವನು ಕಣ್ಣು ಮುಚ್ಚಿರಲಿಲ್ಲ. ಬಾಡಿಗೆಗೆಂದು ನೋಡಲು ಬಂದ ಕೋಗಿಲಿನ ಈ ಮಹಡಿ ಕೋಣೆಯಲ್ಲಿ ಒಣ ಹಾಸಿಗೆ ಕಂಡದ್ದೇ ಮೈ ತಾನಾಗಿ ಅತ್ತ ವಾಲಿತ್ತು.

"ಅನ್ನೆರಡು ಒಡೀಲಿ. ಅಲ್ಲೀಗಂಟ ಅದು ಬೇರೆಯೋರ್ದು," ಎಂದ ಮನೆ ಮಾಲೀಕ ಲಕ್ಕಣ್ಣ.

"ಯಾರ್ದ್ರೀ ಅಜ್ಜಾರ? ಇಲ್ಲಿ ಯಾರೂ ಕಾಣವಲ್ರು," ಎಂದು ಜೊತೆಗೆ ಬಂದಿದ್ದ ಗೆಳೆಯ ಹೇಮಂತ ನಕ್ಕ. "ದೆವ್ವ ಇದ್ರೂ ನಡೀತದ ಬಿಡ್ರಿ, ಬಾಡಿಗಿ ಒಳಗ ಅರ್ಧ ಅದೂ ಕೊಡ್ಲಿ."

ಲಕ್ಕಣ್ಣ ನಗಲಿಲ್ಲ. ಹೊರಗೆ ಮಳೆ, ಹಗಲಲ್ಲೇ ದೀಪ ಹಚ್ಚುವಷ್ಟು ಮೋಡ. ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿ, ತಾನು ಬಾಗಿಲಿಗೆ ಒರಗಿ ಶುರು ಮಾಡಿದ.

"ನಾನು ನೇವಿಲಿದ್ದೆ ಕಣ್ರಪ್ಪಾ... ಸಬ್‌ಮೆರೀನ್‌ನಾಗೆ. ಯುದ್ಧ ಬಂತು. ದೊಡ್ಡವು, ಒಸಾವು ನಡುಸಮುದ್ರಕ್ಕೆ ಓದ್ವು. ನಮ್ಮದು ಮುದಿ ಬೋಟು, ಚಿಕ್ಕದು. ಅದುಕ್ಕೇ ದಡದತ್ರ ಬಿಟ್ರು... ಯಾಕೇಳಿ? ಅಲ್ಲಿ ನೀರು ಕಮ್ಮಿ, ದೊಡ್ಡವು ಓದ್ರೆ ಸಿಕ್ಕಾಕ್ಕೊಂತವೆ. ನಾವು ಶತ್ರು ಬಂದರಿನ ಬಾಯಾಗೆ, ತಳದ ಕೆಸರಾಗೆ, ಇಂಜಿನ್ ಆರ್ಸಿ ಉಸಿರು ಬಿಗಿ ಇಡ್ಕಂಡು ಮಲಗಾದು... ಮ್ಯಾಲೆ ಯಾವ ಶಿಪ್ಪು ಬಂತು, ಯಾವುದು ಓಯ್ತು, ಸದ್ದು ಕೇಳಿ ಬರ್ಕಳಾದು. ಅಷ್ಟೇ ನಮ್ಮ ಯುದ್ಧ.

"ಆ ಬೋಟ್ನಾಗೆ ಜಾಗ ಎಲ್ಲಿಂದ ಬರ್ಬೇಕು? ಇಬ್ಬರಿಗೊಂದೇ ಆಸಿಗೆ. ಆರು ಗಂಟೆ ಅವನು, ಆರು ಗಂಟೆ ನಾನು. ನನ್ನ ಜೊತೆಯೋನು ಪಂಚಪ್ಪ ಅಂತ, ನಿಮ್ಮ ಕಡೆಯೋನೇ, ರೋಣದೋನು. ಮೂರು ತಿಂಗಳು ಒಂದೇ ಆಸಿಗೆ, ಆದ್ರೆ ಕೂತು ನಾಕು ಮಾತಾಡಿದ್ದಿಲ್ಲ... ಅವನು ಎದ್ದೋದ ಬಿಸೀಲಿ ನಾನು ಮಲಗ್ತಿದ್ದೆ, ನನ್ನ ಬಿಸೀಲಿ ಅವನು. ಕೂಗಿ ಎಬ್ಬಿಸಂಗಿಲ್ಲ, ಸದ್ದಾಗ್ತದೆ. ಕಾಲಿನ ಎಬ್ಬೆರಳು ಒತ್ತಬೇಕು.

"ಒಂದಿನ ಒತ್ತಿದ. ನಂಗೆ ಎಚ್ಚರಿತ್ತು... ಆದ್ರೂ ಏಳ್ಲಿಲ್ಲ. ಇನ್ನೊಂದ್ಸಲ ಒತ್ತಿದ. ನಿದ್ದೆ ಬಂದೋನಂಗೆ ಬಿದ್ಕಂಡಿದ್ದೆ. ಮಲಗ್ಲಿ ಪಾಪ ಅಂದ್ಕಂಡನೋ ಏನೋ, ನನ್ನ ಪಾಳಿಗೂ ಅವನೇ ಇಂಜಿನ್ ಕೋಣೆಗೆ ವಾಪಸ್ ಓದ. ಅರ್ಧ ಗಂಟೆ ಆಗಿರಲಿಲ್ಲ, ಮ್ಯಾಲಿಂದ ಬಾಂಬ್ ಬಿತ್ತು. ಆ ಕೋಣೆಗೆ ನೀರು ನುಗ್ತು. ಬಾಗಿಲು ಆಕ್ಬಿಟ್ರು... ಆಕ್ದೇ ಇದ್ರೆ ಎಲ್ರೂ ಓಗ್ತಿದ್ವಿ. ಒಳಗಿಂದ ತಟ್ಟಿದ. ಸದ್ದು ಆಚೆ ಕೇಳ್ಬಾರ್ದು ಅಂತ ಮೆತ್ತಗೆ ತಟ್ಟಿದ ಕಣ್ರಪ್ಪಾ... ಸಾಯೋವಾಗ್ಲೂ ರೂಲ್ಸು ಮುರೀಲಿಲ್ಲ ಅವನು.

"ಮುಂದಿನ ಪಾಳಿ ಮುಗಿಸ್ಕಂಡು ಬಂದು ಮಲಗಿದ್ರೆ... ಆಸಿಗೆ ಬಿಸಿ! ಊರಿಗೆ ಬಂದೆ, ಮದುವೆಯಾದೆ, ಒಲದಾಗೆ ಈ ಬಿಲ್ಡಿಂಗ್ ಕಟ್ಟಿದೆ... ಇವತ್ತಿಗೂ ನಾನು ಮಲಗಾಕ್ಕೆ ಓದ್ರೆ ಆಸಿಗೆ ಬಿಸಿ. ನನ್ನ ಆರು ಗಂಟೆ ಮುಗೀತಿದ್ದಂಗೇ ಎಬ್ಬೆರಳು ಒತ್ತತಾನೆ. ಏಳ್ಬೇಕು. ಓದ ತಿಂಗಳು ಜ್ವರ ಬಂದು ಏಳ್ಲಿಲ್ಲ... ಬೆಳಗ್ಗೆ ನೋಡಿದ್ರೆ ಆಸಿಗೆ ನೆಂದು ತೊಪ್ಪೆ. ಒಣಗಿಸಿದ್ರೆ ಉಪ್ಪಿನ ಬಿಳೀ ಗೆರೆ. ಕೋಗಿಲಲ್ಲಿ ಯಾವ ಸಮುದ್ರನಪ್ಪಾ?"

ಹೇಮಂತ ಮಂಚದ ಕಡೆ ಚಾಚಿದ್ದ ಕಾಲು ಮಡಚಿಕೊಂಡ. ಲಕ್ಕಣ್ಣ ಸಂಗಮೇಶನತ್ತ ತಿರುಗಿದ.

"ನಂಗೆ ಎಪ್ಪತ್ತೇಳು. ಥಟ್ಟಂತ ಏಳಾಕೆ ಕಾಲು ಬರಲ್ಲ. ನನ್ನ ಅರ್ಧ ನಿಂಗೆ ಬಿಡ್ತೀನಿ ಮಗಾ. ಬಾಡಿಗೆ ಬ್ಯಾಡ. ಒತ್ತಿದ ತಕ್ಷಣ ಏಳು... ಅಷ್ಟೇ ನಾನು ಕೇಳಾದು."

ಕೆಳಗಿನ ಮನೆಯ ಗಡಿಯಾರ ಹನ್ನೆರಡು ಹೊಡೆಯಿತು. ಮಂಚ ಕಿರ್ರೆಂದಿತು. ಹಾಸಿಗೆಯ ನಡುವಿದ್ದ ತಗ್ಗು ನಿಧಾನವಾಗಿ ಮೇಲೆದ್ದು ಸಮವಾಯಿತು.

"ಎದ್ದ," ಎಂದ ಲಕ್ಕಣ್ಣ. "ಈಗ ನಿಂದು. ಮಲಗು."

ಸಂಗಮೇಶ ಬಗ್ಗಿ ಅಂಗೈ ಇಟ್ಟ. ಚಿಕ್ಕಂದಿನಲ್ಲಿ ಅಣ್ಣ ಎದ್ದುಹೋದ ಜಾಗಕ್ಕೆ ಉರುಳಿಕೊಳ್ಳುವಾಗ ಇರುತ್ತಿತ್ತಲ್ಲ, ಅಷ್ಟೇ ಬೆಚ್ಚಗಿತ್ತು. ಎರಡು ದಿನದ ನಿದ್ದೆ ರೆಪ್ಪೆಯ ಮೇಲೆ ಬಂದು ಕೂತಿತು. ಪೀಜಿಯಲ್ಲಿ ದಿನವೂ ಹೇಮಂತ ಮುಖಕ್ಕೆ ನೀರು ಚಿಮುಕಿಸಿಯೇ ತನ್ನನ್ನು ಎಬ್ಬಿಸುತ್ತಿದ್ದದ್ದು ಅವನಿಗೆ ಆಗ ನೆನಪಾಯಿತು.

ಕೈ ಹಿಂದಕ್ಕೆಳೆದುಕೊಂಡ.

"ಒಲ್ಲೆ," ಎಂದ.