ಪಿ.ಪಿ. ನಂಬರಿನ ಸೇಸಮ್ಮ

ರಾತ್ರಿ ಹನ್ನೊಂದೂಕಾಲಿಗೆ ಕಾಂತಿ ಅಕ್ಕ ಟಾರ್ಚ್ ಹಿಡಿದು ಮನೆಯಿಂದ ಇಳಿದಳು. ಬಾವಿಯ ಹತ್ತಿರ ಬಂದು ನಿಂತಳು. ಟಾರ್ಚ್ ಆರಿಸಿದಳು... ಮುಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಮಡಂತ್ಯಾರಿನಿಂದ ಸ್ವಲ್ಪ ಒಳಗೆ ಅವಳ ಗಂಡನ ಮನೆ. ಕತೆ ಕಟ್ಟಲು ನನಗೆ ಬರುವುದಿಲ್ಲ. ಅವಳು ಹೇಳಿದ್ದನ್ನು, ಕೊನೆಗೆ ನಾನೇ ನೋಡಿದ್ದನ್ನು ಬರೆಯುತ್ತೇನೆ, ಅಷ್ಟೆ.

ತೊಂಬತ್ತೇಳನೇ ಇಸವಿ. ಆ ಗುಡ್ಡೆಯಲ್ಲಿ ಫೋನ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಸುತ್ತಿನವರೆಲ್ಲ ಅದನ್ನೇ ತಮ್ಮ ಪಿ.ಪಿ. ನಂಬರ್ ಎಂದು ಕೊಟ್ಟಿದ್ದರು. ಫೋನ್ ಇವರದ್ದು, ಮಾತು ನೆರೆಯವರದ್ದು. ಬಾವಿಯ ಆಚೆ ಬೀಡಿ ಕಟ್ಟುವ ಸೇಸಮ್ಮನ ಮನೆ. ಅವಳ ಗಂಡ ನೋಣಯ್ಯ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಯವ. ಹನ್ನೊಂದರ ಮೇಲೆ ಎಸ್‌ಟಿಡಿಗೆ ಕಾಲು ಚಾರ್ಜು, ಹಾಗಾಗಿ ಶುಕ್ರವಾರ ಹನ್ನೊಂದು ದಾಟಿದ ಮೇಲೆಯೇ ಬೂತಿನಿಂದ ಮಾಡುತ್ತಿದ್ದ.

"ಅಕ್ಕ, ಸೇಸುವನ್ನು ಒಮ್ಮೆ ಕರೆಯಿರಿ. ಹತ್ತು ನಿಮಿಷ ಬಿಟ್ಟು ಪುನಃ ಮಾಡ್ತೇನೆ."

ಸೇಸಮ್ಮನಿಗೆ ಓದಲು ಬರುವುದಿಲ್ಲ. ಗಂಡ ಇದ್ದಾನೆ ಎಂದು ಅವಳಿಗೆ ಗೊತ್ತಾಗುತ್ತಿದ್ದದ್ದು ವಾರಕ್ಕೊಮ್ಮೆ, ಈ ಫೋನಿನಲ್ಲಿ.

ಅವಳು ಮಾತಾಡಿ ಹೋದ ಮೇಲೆ... ಹೇಗೆ ಹೇಳುವುದು. ರಿಸೀವರಿನಲ್ಲಿ ಬಾಯಿಗೆ ಹಿಡಿಯುವ ತುದಿಗೆ ಸಣ್ಣ ಸಣ್ಣ ತೂತುಗಳಿರುತ್ತವಲ್ಲ, ಅವು ಕೆಂಪಗೆ ತುಂಬಿರುತ್ತಿದ್ದವು. ಎಲೆ, ಸುಣ್ಣ, ಹೊಗೆಸೊಪ್ಪು, ಎಂಜಲು. ನೂಲಿನಂಥ ಒಂದು ಜೊಲ್ಲು ವಯರಿನ ಸುರುಳಿಯವರೆಗೆ ಇಳಿದಿರುತ್ತಿತ್ತು. ಕಾಂತಿ ಅಕ್ಕ ಹತ್ತಿಗೆ ಡೆಟ್ಟಾಲ್ ಹಾಕಿ ಒರೆಸುತ್ತಿದ್ದಳು. ಮರುದಿನ ಯಾರದ್ದೋ ಫೋನ್ ಬಂದು ರಿಸೀವರ್ ಎತ್ತಿದರೆ ಪುನಃ ಅದೇ ವಾಸನೆ. ಇನ್ನೊಬ್ಬರ ಬಾಯಿಯ ಒಳಗೆ ಮುಖ ಇಟ್ಟ ಹಾಗೆ.

"ನನ್ನಿಂದಾಗುವುದಿಲ್ಲ, ವಾಂತಿ ಬರ್ತದೆ," ಎಂದಳು ಗಂಡನಿಗೆ.

ರಮಾನಾಥ ಬಾವ ನಕ್ಕರು. "ಫೋನಿಗೆ ಜಾತಿ ಉಂಟಾ ಮಾರಾಯ್ತಿ? ಪಾಪ, ಹೋಗಿ ಕರಿ."

ಬಾವನಿಗೆ ಎದುರು ಹೇಳಲಾಗದೆ ಅವಳು ಟಾರ್ಚ್ ಹಿಡಿದು ಹೊರಟದ್ದು. ಬಾವಿಯವರೆಗೆ ಹೋಗಿ, ಕತ್ತಲೆಯಲ್ಲಿ ಐದು ನಿಮಿಷ ನಿಂತು, ಹಿಂದೆ ಬಂದಳು. ಫೋನ್ ಪುನಃ ಬಂದಾಗ, "ಬಾಗಿಲು ಹಾಕಿದೆ ನೋಣಯ್ಯ. ತಂಗಿ ಮನೆಗೆ ಹೋಗಿರ್ಬೇಕು," ಎಂದಳು.

ನಾಲ್ಕು ಶುಕ್ರವಾರ ಹೀಗೆಯೇ.

ಸೇಸಮ್ಮ ಬೆಳಿಗ್ಗೆ ಅಂಗಳದ ಕೆಳಗೆ ನಿಂತು ಕೇಳುತ್ತಿದ್ದಳು. "ಅಕ್ಕ, ನಮ್ಮವರ ಫೋನ್ ಬಂದಿತ್ತಾ?"

"ಇಲ್ಲ ಸೇಸಮ್ಮ."

"ಅಲ್ಲಿ ದೊಡ್ಡ ಮಳೆಯಂತೆ. ಲೈನ್ ಹೋಗಿರ್ಬೇಕು, ಅಲ್ವಾ?" ಕೆಂಪು ಹಲ್ಲು ತೋರಿಸಿ ನಗುವಳು. ದಾಸವಾಳದ ಬುಡಕ್ಕೆ ಉಗಿದು ಹೋಗುವಳು. ಕಾಂತಿ ಅಕ್ಕ ಅದರ ಮೇಲೆ ಎರಡು ಚೆಂಬು ನೀರು ಹೊಯ್ಯುವಳು.

ಐದನೇ ವಾರ ಸೇಸಮ್ಮನಿಗೆ ಇಲಿಜ್ವರ ಬಂತು. ಮೂರೇ ದಿನ. ಗುರುವಾರ ಸಂಜೆ ಸುಟ್ಟು ಬಂದರು. ಬೊಂಬಾಯಿಗೆ ಟೆಲಿಗ್ರಾಂ ಹಾಕಿದ್ದರು, ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ಶುಕ್ರವಾರ ಬಾವ ಮೂಡುಬಿದಿರೆಗೆ ಹೋಗಿದ್ದರು. ಮನೆಯಲ್ಲಿ ಕಾಂತಿ ಅಕ್ಕ ಒಬ್ಬಳೇ. ಹನ್ನೊಂದೂ ಹತ್ತಕ್ಕೆ... ಟ್ರಿಣ್ ಟ್ರಿಣ್.

"ಅಕ್ಕ, ಇವತ್ತಾದರೂ ಸೇಸುವನ್ನು ಕರೆಯಿರಿ. ಹತ್ತು ನಿಮಿಷ." ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟ.

ಹತ್ತು ನಿಮಿಷದಲ್ಲಿ ಅವನಿಗೆ ಹೇಳಬೇಕು. ಹೇಗೆ? ಫೋನಿನ ಹತ್ತಿರ ಕೂರಲು ಅವಳಿಗಾಗಲಿಲ್ಲ. ಬಾಗಿಲಿಗೆ ಬೀಗ ಹಾಕಿ ಟಾರ್ಚ್ ಹಿಡಿದು ಹೊರಟಳು. ಕಾಲು ತಾನಾಗಿ ಬಾವಿಯ ಹತ್ತಿರ ನಿಂತಿತು. ಕೈ ತಾನಾಗಿ ಟಾರ್ಚ್ ಆರಿಸಿತು. ಕಪ್ಪೆಗಳ ವಟವಟ. ರಾಟೆಯಿಂದ ತೊಟ್ಟು ನೀರು... ಟಪ್. ಟಪ್.

ಮನೆಯೊಳಗೆ ಫೋನ್ ಬಡಿಯಿತು. ಟ್ರಿಣ್ ಟ್ರಿಣ್... ಟ್ರಿಣ್ ಟ್ರಿಣ್... ಟ್ರಿ—

ಅರ್ಧಕ್ಕೆ ನಿಂತಿತು. ಯಾರೋ ಎತ್ತಿದ ಹಾಗೆ.

ಕಪ್ಪೆಗಳೂ ನಿಂತವು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಒಂದೇ ಸದ್ದು... ಟಣಕ್. ರಿಸೀವರ್ ಇಟ್ಟದ್ದು.

ಬೀಗ ಹಾಕಿದ ಹಾಗೆಯೇ ಇತ್ತು. ತೆರೆದು ದೀಪ ಹಾಕಿದಳು. ರಿಸೀವರ್ ಅದರ ಜಾಗದಲ್ಲೇ ಇತ್ತು. ತೂತುಗಳು ಕೆಂಪಗೆ ತುಂಬಿದ್ದವು. ಜೊಲ್ಲು ಇನ್ನೂ ಇಳಿಯುತ್ತಿತ್ತು... ನಿಧಾನಕ್ಕೆ, ವಯರಿನ ಒಂದೊಂದೇ ಸುರುಳಿ ದಾಟಿ. ಮುಟ್ಟಿದರೆ ಬೆಚ್ಚಗಿತ್ತು.

ಅವಳು ಅಲ್ಲೇ ವಾಂತಿ ಮಾಡಿಕೊಂಡಳು.

ಭಾನುವಾರ ನೋಣಯ್ಯ ಬಸ್ಸಿಳಿದವನು ಮೊದಲು ಬಂದದ್ದು ಇವರ ಅಂಗಳಕ್ಕೆ.

"ಟೆಲಿಗ್ರಾಂ ಸಿಕ್ಕಿತಾ?" ಕಾಂತಿ ಅಕ್ಕ ಮೆಲ್ಲ ಕೇಳಿದಳು.

"ಇಲ್ಲ ಅಕ್ಕ. ಅವಳೇ ಹೇಳಿದ್ದು."

"ಏನು... ಹೇಳಿದಳು?"

"ಬಾಯಲ್ಲಿ ಎಲೆ ಇತ್ತಲ್ಲ, ಎಲ್ಲ ಸರಿ ಕೇಳಲಿಲ್ಲ. ನಾನಿಲ್ಲ, ಊರಿಗೆ ಬನ್ನಿ ಅಂದಳು. ಮತ್ತೆ..." ನೋಣಯ್ಯ ಬಾವಿಯ ಕಡೆ ನೋಡಿದ. "ಅಕ್ಕ ಬಾವಿಯ ಹತ್ತಿರ ನಿಂತಿದ್ದಾರೆ, ಯಾವಾಗಲೂ ಅಲ್ಲೇ ನಿಲ್ಲುವುದು, ಇವತ್ತೂ ಟಾರ್ಚ್ ಆರಿಸಿದ್ದಾರೆ. ಒಬ್ಬರೇ ಕತ್ತಲೆಯಲ್ಲಿ ಹೆದರಿಯಾರು, ಇಡ್ತೇನೆ ಅಂದಳು."

ಬೇರೇನೂ ಕೇಳದೆ ಅವನು ಹೋದ. ಸೇಸಮ್ಮನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಮನೆಗೆ ಬೀಗ ಹಾಕಿ ಬೊಂಬಾಯಿ ಬಸ್ಸು ಹತ್ತಿದವನು ಪುನಃ ಈ ಕಡೆ ಬರಲಿಲ್ಲ.

ಕಾಂತಿ ಅಕ್ಕ ಫೋನ್ ಸರಿ ಇಲ್ಲವೆಂದು ಲೈನ್‌ಮನ್ ಜತ್ತಪ್ಪನನ್ನು ಕರೆಸಿದಳು. ಅವನು ರಿಸೀವರಿನ ತುದಿ ತಿರುಗಿಸಿ ಬಿಚ್ಚಿದ. ಒಳಗಿದ್ದದ್ದನ್ನು ಪೇಪರಿನ ಮೇಲೆ ಕುಟ್ಟಿದ. ಜಗಿದ ಅಡಿಕೆ, ಹಸಿ ಹಸಿ.

"ಎಂಥ ಅಕ್ಕ, ಫೋನಿಗೂ ಎಲೆ ಹಾಕಿ ಕೊಡ್ತೀರಾ?" ಎಂದು ನಕ್ಕ. ಆ ಮನೆಯಲ್ಲಿ ಯಾರೂ ಎಲೆ ತಿನ್ನುವುದಿಲ್ಲ.

ಅವನು ಹೊಸ ಫೋನ್ ಇಟ್ಟುಹೋದ. ಎರಡು ಸಾವಿರದ ಐದರಲ್ಲಿ ಲೈನನ್ನೇ ತೆಗೆಸಿದರು. ಈಗ ಅವಳ ಹತ್ತಿರ ಒಂದು ಸಣ್ಣ ಮೊಬೈಲ್ ಉಂಟು. ಕಿವಿಗೆ ಇಡುವುದಿಲ್ಲ, ದೂರ ಹಿಡಿದು ಸ್ಪೀಕರಿನಲ್ಲೇ ಮಾತಾಡುತ್ತಾಳೆ.

ಹೋದ ತಿಂಗಳು ಒಂದು ಶುಕ್ರವಾರ ನಾನು ಅಲ್ಲಿ ಉಳಿದಿದ್ದೆ. ಹನ್ನೊಂದಕ್ಕೆ ಅವಳು ಟಾರ್ಚ್ ತೆಗೆದುಕೊಂಡಳು. "ಬರ್ತೀಯಾ?" ಎಂದಳು. ಮೊಬೈಲ್ ಮೇಜಿನ ಮೇಲೆ ಬಿಟ್ಟು ಹೋದೆವು. ಬಾವಿ ದಾಟಿದೆವು. ಆ ಬೀಗ ಹಾಕಿದ ಬಾಗಿಲಿನವರೆಗೆ ನಡೆದೆವು. ಅವಳು ಮೂರು ಸಲ ತಟ್ಟಿ, ಮೆಲ್ಲ ಹೇಳಿದಳು, "ಸೇಸಮ್ಮ... ಫೋನ್ ಉಂಟು."

ಹಿಂದೆ ಬಂದು ಹಾಗೆಯೇ ಮಲಗಿದೆವು.

ಬೆಳಿಗ್ಗೆ ಅವಳು ಏಳುವ ಮೊದಲು ನಾನು ಮೊಬೈಲ್ ಎತ್ತಿ ನೋಡಿದೆ. ಅದಕ್ಕೆ ಕೆಳಗೆ ಇರುವುದು ಒಂದೇ ತೂತು, ಸೂಜಿ ಮೊನೆಯಷ್ಟು. ಒದ್ದೆ ಇತ್ತು. ಬೆರಳಿಗೆ ಕೆಂಪು ಹತ್ತಿತು. ನೀವು ನಂಬಿ, ಬಿಡಿ. ಆ ಬೆರಳಿನ ಸುಣ್ಣದ ವಾಸನೆ ಹೋಗಲು ಮೂರು ದಿನ ಹಿಡಿಯಿತು. ಅಷ್ಟೂ ದಿನ ನಾನು ಚಮಚದಲ್ಲಿ ಊಟ ಮಾಡಿದೆ.